ಸಹಪಂಕ್ತಿಯ ಸ್ನೇಹ: ಕೊಲಿಂಡೇಲ್‌ನಿಂದ ಒಂದು ನೋಟ

ವಾಯವ್ಯ ಲಂಡನ್ನಿನ ಬಾರ್ನೆಟ್ ಬರೋಗೆ ಸೇರಿದ ಕೊಲಿಂಡೇಲ್‌ಗೆ ನಾರ್ದರ್ನ್ ಲೈನ್ ನಿಲ್ದಾಣ ಬಂದದ್ದು 1924ರಲ್ಲಿ. ಇಲ್ಲಿನ ಎಡ್ಜ್‌ವೇರ್ ರಸ್ತೆಯಲ್ಲಿ 1993ರಲ್ಲಿ ಯಾವೊಹಾನ್ ಪ್ಲಾಜಾ ಎಂಬ ಜಪಾನಿ ಮಳಿಗೆ ತೆರೆಯಿತು. ಮುಂದೆ ಓರಿಯೆಂಟಲ್ ಸಿಟಿ ಎಂಬ ಹೆಸರು ಪಡೆದ ಅದು 2008ರಲ್ಲಿ ಮುಚ್ಚಿತು. ಅದೇ ನಿವೇಶನದಲ್ಲಿ 2017ರಲ್ಲಿ ಬ್ಯಾಂಗ್ ಬ್ಯಾಂಗ್ ಓರಿಯೆಂಟಲ್ ಎಂಬ ಫುಡ್ ಹಾಲ್ ಆರಂಭವಾಯಿತು. ಅಲ್ಲಿ ಬೇರೆ ಬೇರೆ ಅಂಗಡಿಗಳಿಂದ ತಂದ ಆಹಾರವನ್ನು ಎಲ್ಲರೂ ಸಾಮಾನ್ಯ ಮೇಜುಗಳಲ್ಲಿ ಕುಳಿತು ಉಣ್ಣುತ್ತಾರೆ. ಆದರೆ ಪಕ್ಕದಲ್ಲಿ ಕುಳಿತ ಮಾತ್ರಕ್ಕೆ ಅಪರಿಚಿತರು ಪರಿಚಿತರಾಗುವುದಿಲ್ಲ. ಆ ಅಂತರವನ್ನು ಕಡಿಮೆ ಮಾಡಲೆಂದೇ ಏರ್ಪಡುವುದು ಸಾಮೂಹಿಕ ಭೋಜನಕೂಟ.

ನಡುವಯಸ್ಸಿನಲ್ಲಿ ಹೊಸ ಸ್ನೇಹ ಸುಲಭವಲ್ಲ. ಹಾಸ್ಟೆಲಿನ ಒಡನಾಟ ಹಿಂದೆ ಉಳಿದಿರುತ್ತದೆ. ಮಕ್ಕಳ ಶಾಲೆಯ ಬಾಗಿಲಲ್ಲಿ ಆದ ಪರಿಚಯಗಳು ಮಕ್ಕಳು ಬೆಳೆದಂತೆ ಸಡಿಲವಾಗುತ್ತವೆ. ಅನಿವಾಸಿಗಳ ಬಾಲ್ಯದ ಗೆಳೆಯರಂತೂ ದೂರವಾಣಿಗಷ್ಟೇ ಸಿಗುವವರು. ಬ್ರಿಟನ್ 2018ರಲ್ಲಿ ಒಂಟಿತನದ ಹೊಣೆಯನ್ನು ಒಬ್ಬ ಸಚಿವರಿಗೆ ವಹಿಸಿದ್ದು ಈ ಕೊರತೆ ಖಾಸಗಿ ದುಃಖವಷ್ಟೇ ಅಲ್ಲವೆಂಬುದಕ್ಕೆ ಸಾಕ್ಷಿ.

ಇತರರೊಡನೆ ಹೆಚ್ಚು ಬಾರಿ ಉಣ್ಣುವವರಿಗೆ ನೆಚ್ಚಬಹುದಾದ ಗೆಳೆಯರು ಹೆಚ್ಚಿರುತ್ತಾರೆಂದು ಆಕ್ಸ್‌ಫರ್ಡ್‌ನ ರಾಬಿನ್ ಡನ್‌ಬಾರ್ ಅವರ 2017ರ ಅಧ್ಯಯನ ತೋರಿಸಿತು. ಆದರೆ ಒಂದು ಊಟ ಸಾಲದು. ಪರಿಚಯವು ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆಗಳೂ ಆಪ್ತತೆಯಾಗಲು 200ಕ್ಕೂ ಹೆಚ್ಚು ಗಂಟೆಗಳೂ ಬೇಕೆಂದು ಅಮೆರಿಕದ ಜೆಫ್ರಿ ಹಾಲ್ ಅಂದಾಜಿಸಿದ್ದಾರೆ. ತಿಂಗಳಿಗೊಮ್ಮೆ ಮೂರು ಗಂಟೆ ಸೇರಿದರೆ ಮೊದಲ ಮಜಲಿಗೇ ಹದಿನೇಳು ತಿಂಗಳು. ಹದಿನೈದು ದಿನಕ್ಕೊಮ್ಮೆ ಸೇರಿದರೆ ಎಂಟೊಂಬತ್ತು ತಿಂಗಳು. ಅದೂ ಅದೇ ಜನರು ಮತ್ತೆ ಮತ್ತೆ ಬಂದರೆ ಮಾತ್ರ.

ಸಂಖ್ಯೆಯೂ ಮುಖ್ಯ. ಒಂದು ಸಂಭಾಷಣೆ ಸಹಜವಾಗಿ ಹಿಡಿಯುವುದು ನಾಲ್ವರನ್ನು. ಅದನ್ನು ಮೀರಿದರೆ ಮಾತು ಒಡೆಯುತ್ತದೆ. ನಮ್ಮ ಪಂಕ್ತಿಭೋಜನದಲ್ಲಿಯೂ ಎಡಬಲದವರೊಡನೆ ಮಾತ್ರ ಮಾತು ಸಾಧ್ಯ. ಆದರೆ ಬಡಿಸುವವರು ಪ್ರತಿ ಎಲೆಯ ಮುಂದೆ ಬಾಗಿ, ಬೇಕೇ ಸಾಕೇ ಎಂದು ವಿಚಾರಿಸುತ್ತಾರೆ. ಹೊಸಬರ ಕೈಗೆ ಸಾರಿನ ಸೌಟು ಕೊಟ್ಟರೆ ಅವರು ತಾವಾಗಿಯೇ ಎಲ್ಲರನ್ನೂ ಮಾತನಾಡಿಸಿರುತ್ತಾರೆ.

ಪಂಕ್ತಿ ಎಲ್ಲರನ್ನೂ ಸೇರಿಸಿಲ್ಲವೆಂಬುದನ್ನೂ ಮರೆಯಬಾರದು. ಪಂಕ್ತಿಭೇದ ನಮ್ಮದೇ ಪದ. 12ನೆಯ ಶತಮಾನದ ಶರಣರ ದಾಸೋಹ ಅದಕ್ಕೆ ಉತ್ತರವಾಗಿತ್ತು. ಬಸವೇಶ್ವರರ ಪ್ರತಿಮೆ 2015ರಿಂದ ಥೇಮ್ಸ್ ದಡದ ಲ್ಯಾಂಬೆತ್‌ನಲ್ಲಿದೆ. ಇಂದಿನ ಭೇದ ಸೂಕ್ಷ್ಮವಾದದ್ದು. ಕೂಟಗಳು ದಂಪತಿಗಳನ್ನೂ ಕುಟುಂಬಗಳನ್ನೂ ಲೆಕ್ಕಹಾಕಿ ಏರ್ಪಟ್ಟರೆ ವಿಚ್ಛೇದಿತರು, ಸಂಗಾತಿಯನ್ನು ಕಳೆದುಕೊಂಡವರು, ಅವಿವಾಹಿತರು ಬಾಗಿಲಲ್ಲಿಯೇ ಹಿಂಜರಿಯುತ್ತಾರೆ.

ಆದುದರಿಂದ ಕೂಟ ನಡೆಸುವವರು ಕರೆಯುವಾಗಲೇ ಒಬ್ಬರಾಗಿ ಬನ್ನಿ ಎಂದು ಸ್ಪಷ್ಟವಾಗಿ ಹೇಳುವುದು, ಮೇಜಿಗೆ ನಾಲ್ವರನ್ನು ಕೂರಿಸುವುದು, ಏಳುವ ಮುನ್ನ ಮುಂದಿನ ಊಟದ ದಿನ ಗೊತ್ತುಮಾಡುವುದು ಒಳ್ಳೆಯದು.