ಪಟ್ಟಿಯಲ್ಲಿ ಪಾದ ಇದೆ, ಕೈ ಇಲ್ಲ

ಬೆರಳಿಲ್ಲದ ಅಥವಾ ಬೆರಳು ಕೂಡಿಕೊಂಡ ಮಗು ಹುಟ್ಟಿದರೆ ಕೆ.ಆರ್. ನಗರ, ಹುಣಸೂರು ಕಡೆ ಪ್ರಶ್ನೆ ಬೀಳುವುದು ತಾಯಿಗೆ: ‘ಗ್ರಹಣದ ದಿನ ಈಳಿಗೆಮಣೆ ಮುಟ್ಟಿದ್ದೇನವ್ವ?’ ಅದೇ ಆರು ಬೆರಳಿದ್ದರೆ ಮಗುವಿನ ಅದೃಷ್ಟವಂತೆ. ಆಗ ಮಾತ್ರ ತಾಯಿಯ ಹೆಸರು ಯಾರೂ ಎತ್ತಲ್ಲ!

ಗರ್ಭ ಕಟ್ಟಿದ ನಾಲ್ಕರಿಂದ ಎಂಟನೇ ವಾರದೊಳಗೆ ಕೈ ರೂಪುಗೊಳ್ಳುತ್ತದೆ. ಎಷ್ಟೋ ಹೆಂಗಸರಿಗೆ ಆಗಿನ್ನೂ ಬಸುರಿ ಅಂತಲೇ ಗೊತ್ತಿರಲ್ಲ. ಮೊಗ್ಗಿನಂತೆ ಮೂಡಿದ ಕೈ ಚಪ್ಪಟೆಯಾಗಿ, ಬೆರಳುಗಳ ನಡುವಿನ ಜೀವಕೋಶಗಳು ಸತ್ತು ಬೆರಳು ಬಿಡಿಯಾಗುತ್ತವೆ. ಅವು ಸಾಯದೆ ಉಳಿದರೆ ಕೂಡುಬೆರಳು. ಕೆಲವೊಮ್ಮೆ ಗರ್ಭದ ಪೊರೆಯ ಎಳೆ ಬೆರಳಿಗೆ ಸುತ್ತಿ ಬಿಗಿಯುತ್ತದೆ. ಕೆಲವು ವಂಶದಲ್ಲಿ ಬರುತ್ತವೆ, ಬಹಳಷ್ಟಕ್ಕೆ ಕಾರಣವೇ ಸಿಗಲ್ಲ. 1957ರಲ್ಲಿ ಜರ್ಮನಿಯ ಮಾರುಕಟ್ಟೆಗೆ ಬಂದ ಥಾಲಿಡೊಮೈಡ್ ಮಾತ್ರೆ ಸಾವಿರಾರು ಮಕ್ಕಳ ಕೈಕಾಲು ಕಸಿದಾಗಲೂ ತಪ್ಪು ಅದನ್ನು ನುಂಗಿದ ತಾಯಂದಿರದ್ದಾಗಿರಲಿಲ್ಲ.

ಕೈಯಲ್ಲಿ ಒಂದಲ್ಲ ಒಂದು ವ್ಯತ್ಯಾಸ ಇರುವ ಮಗು ಸುಮಾರು 500 ಹೆರಿಗೆಗೆ ಒಂದು. ಅಷ್ಟೇನೂ ಅಪರೂಪವಲ್ಲ. ಆದರೂ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹೆಸರಿಸಿದ ಒಂಬತ್ತು ಹುಟ್ಟು ನ್ಯೂನತೆಗಳಲ್ಲಿ ಸೊಟ್ಟಪಾದ ಇದೆ, ಸೀಳುತುಟಿ ಇದೆ, ಕೈ ಇಲ್ಲ. ಈ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಪಟ್ಟಿಯಲ್ಲಿ ಹೆಸರಿಲ್ಲದ್ದು ಕಣ್ಣಿಗೆ ಬಿದ್ದರೂ ಕಾಗದಕ್ಕೆ ಇಳಿಯುವುದು ಕಷ್ಟ.

ಇದು ಬರೀ ಕೈಯ ಪ್ರಶ್ನೆಯೂ ಅಲ್ಲ. ಹೆಬ್ಬೆರಳ ಬದಿಯ ಮುಂಗೈ ಮೂಳೆ ಬೆಳೆಯದ ಮಗುವಿಗೆ ಹೃದಯ, ಮೂತ್ರಪಿಂಡ ಅಥವಾ ರಕ್ತದ ತೊಂದರೆಯೂ ಇರಬಹುದು. ‘ಕೈ ಸೊಟ್ಟ ಅಷ್ಟೇ’ ಅಂತ ಸುಮ್ಮನಾದರೆ ಇದು ತಪ್ಪಿಹೋಗುತ್ತೆ. ಕೂಡುಬೆರಳಿನ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದೊಳಗೆ. ಹೆಬ್ಬೆರಳು ಅಥವಾ ಕಿರುಬೆರಳು ಪಕ್ಕದ್ದಕ್ಕೆ ಅಂಟಿದ್ದರೆ ಇನ್ನೂ ಬೇಗ, ಇಲ್ಲದಿದ್ದರೆ ಉದ್ದದ ಬೆರಳು ಬಾಗುತ್ತದೆ. ಎಲ್ಲಕ್ಕೂ ಆಪರೇಷನ್ ಬೇಕಿಲ್ಲ; ಮುಂಗೈ ಇಲ್ಲದ ಎಷ್ಟೋ ಮಕ್ಕಳು ಕೃತಕ ಕೈ ಬಿಚ್ಚಿಟ್ಟು ಮೊಂಡುಗೈಯಲ್ಲೇ ಚೆನ್ನಾಗಿ ಕೆಲಸ ಮಾಡ್ಕೋತಾರೆ.

ಎಡಗೈ ನ್ಯೂನತೆಯೊಂದಿಗೆ ಹುಟ್ಟಿದ ಬೆಂಗಳೂರಿನ ಈಜುಗಾರ ಶರತ್ ಗಾಯಕ್‌ವಾಡ್ 2014ರ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಆರು ಪದಕ ಗೆದ್ದರು. ಸ್ಫೂರ್ತಿಕಥೆ ಬೇಕಾದವರಿಗೆ ಅದು ಸಾಕು. ಎಚ್.ಡಿ. ಕೋಟೆಯ ಹಾಡಿಯ ಮಗುವಿಗೆ ಬೇಕಿರುವುದು ಮೈಸೂರಿನವರೆಗಿನ ಬಸ್ ಚಾರ್ಜು, ಅಪ್ಪ-ಅಮ್ಮನ ಒಂದು ದಿನದ ಕೂಲಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮೀಸಲಾತಿಯಂಥ ಸೌಲಭ್ಯಕ್ಕೆ ಶೇ. 40ರಷ್ಟು ನ್ಯೂನತೆಯ ಪ್ರಮಾಣಪತ್ರ ಬೇಕು. ಒಂದೆರಡು ಬೆರಳಿಲ್ಲದವರು ಅಲ್ಲಿಗೆ ಮುಟ್ಟದಿರಬಹುದು. ಆದರೆ ತಪಾಸಣೆಗೆ, ಚಿಕಿತ್ಸೆಗೆ ಆ ಲೆಕ್ಕ ಅಡ್ಡ ಬರಬಾರದು. ನಿಮ್ಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಮುಂದಿನ ಗ್ರಾಮಸಭೆಯಲ್ಲಿ ಕೇಳಿ: ಕೈ ವ್ಯತ್ಯಾಸ ಇರುವ ಮಕ್ಕಳು ನಮ್ಮೂರಲ್ಲಿ ಎಷ್ಟು, ಅವರಲ್ಲಿ ಎಷ್ಟು ಜನರನ್ನು ಮೈಸೂರಿಗೆ ಕಳಿಸಿದ್ದೀರಿ?