ಸಂತರ ಮಾತೋ, ಅನುವಾದಕರ ಮಾತೋ?

ಕಥೋಲಿಕ ದೈವಶಾಸ್ತ್ರದ ಹಳೆಯ ಗ್ರಂಥಗಳನ್ನು ಓದಬೇಕು ಅಂತ ಆಸೆಪಡುವ ನಮ್ಮಂಥವರಿಗೆ ಇಂಗ್ಲಿಷೇ ಗತಿ. ಇರೆನೇಯಸ್ ಬರೆದದ್ದು ಗ್ರೀಕಿನಲ್ಲಿ, ಅಗಸ್ಟೀನ್ ಮತ್ತು ಥಾಮಸ್ ಅಕ್ವಿನಾಸ್ ಬರೆದದ್ದು ಲ್ಯಾಟಿನ್ನಿನಲ್ಲಿ. ಎರಡೂ ನಮಗೆ ಬಾರದ ಭಾಷೆಗಳು. ಹಾಗಾಗಿ "ಅಗಸ್ಟೀನ್ ಹೀಗೆ ಹೇಳಿದ್ದಾರೆ" ಅಂತ ಕನ್ನಡದಲ್ಲಿ ಬರೆದಾಗಲೆಲ್ಲ ನಾವು ಎತ್ತಿ ಹೇಳುತ್ತಿರುವುದು ಯಾರೋ ಒಬ್ಬ ಇಂಗ್ಲಿಷ್ ಅನುವಾದಕನ ಮಾತನ್ನು. ಆತ ಯಾರು, ಯಾವ ಕಾಲದವನು ಅಂತ ಎಷ್ಟು ಜನ ನೋಡುತ್ತೇವೆ?

ಪುಕ್ಕಟೆಯಾಗಿ ಸುಲಭಕ್ಕೆ ಸಿಗುವ ಅನುವಾದಗಳಲ್ಲಿ ಬಹುಪಾಲು ಹತ್ತೊಂಬತ್ತನೇ ಶತಮಾನದವು. ಕಾರಣ ಸರಳ, ಅವುಗಳ ಹಕ್ಕುಸ್ವಾಮ್ಯ ಮುಗಿದಿದೆ. ಅವುಗಳಲ್ಲಿ ದೊಡ್ಡ ಮಾಲೆಗಳು ಮೂರು. ಆಕ್ಸ್‌ಫರ್ಡಿನ ಆಂಗ್ಲಿಕನ್ ವಿದ್ವಾಂಸರು 1838ರಲ್ಲಿ ಶುರುಮಾಡಿದ 'ಲೈಬ್ರರಿ ಆಫ್ ದಿ ಫಾದರ್ಸ್' ಮೊದಲನೆಯದು. ಅದರ ಮೊದಲ ಸಂಪುಟವೇ ಪ್ಯೂಸಿ ಸಿದ್ಧಪಡಿಸಿದ ಅಗಸ್ಟೀನರ 'ಕನ್ಫೆಷನ್ಸ್'. ಎರಡನೆಯದು ರಾಬರ್ಟ್ಸ್ ಮತ್ತು ಡೊನಾಲ್ಡ್‌ಸನ್ ಸಂಪಾದಿಸಿ 1867ರಿಂದ ಎಡಿನ್‌ಬರೋದಲ್ಲಿ ಹೊರತಂದದ್ದು. ಮೂರನೆಯದು ಫಿಲಿಪ್ ಶಾಫ್ 1886ರಲ್ಲಿ ಅಮೆರಿಕದಲ್ಲಿ ಆರಂಭಿಸಿದ್ದು. ಸ್ವಾರಸ್ಯ ನೋಡಿ, ಕಥೋಲಿಕರು ತಮ್ಮವರೆಂದು ಹೆಮ್ಮೆಪಡುವ ಲೇಖಕರ ಈ ಮೂರೂ ಮಾಲೆಗಳನ್ನು ಕಟ್ಟಿದವರು ಕಥೋಲಿಕರಲ್ಲ!

ಹಾಗಾದರೆ ಇವನ್ನೆಲ್ಲ ಬದಿಗಿಡಬೇಕೇ? ಅಷ್ಟು ಸುಲಭವಲ್ಲ. ಒಂದು ಉದಾಹರಣೆ ಹೇಳುತ್ತೇನೆ.

ಲಿಯೋನ್ ನಗರದ ಧರ್ಮಾಧ್ಯಕ್ಷರಾಗಿದ್ದ ಇರೆನೇಯಸ್ ಸುಮಾರು 180ರ ಹೊತ್ತಿಗೆ ಪಾಷಂಡವಾದಗಳ ವಿರುದ್ಧ ಒಂದು ಗ್ರಂಥ ಬರೆದರು. ಅದರ ಮೂರನೇ ಪುಸ್ತಕದಲ್ಲಿ ರೋಮ್ ಸಭೆಯ ಬಗ್ಗೆ ಒಂದು ವಾಕ್ಯವಿದೆ. ಪೋಪರ ಅಧಿಕಾರದ ಚರ್ಚೆ ಎದ್ದಾಗಲೆಲ್ಲ ಎರಡೂ ಕಡೆಯವರು ಅದನ್ನೇ ಎಳೆದಾಡುತ್ತಾರೆ. ತೊಂದರೆ ಏನೆಂದರೆ ಆ ವಾಕ್ಯದ ಗ್ರೀಕ್ ಮೂಲ ಕಳೆದುಹೋಗಿದೆ. ಉಳಿದಿರುವುದು ಹಳೆಯ ಲ್ಯಾಟಿನ್ ಅನುವಾದ ಮಾತ್ರ. ಅಲ್ಲಿನ 'ಕನ್ವೆನೀರೆ' ಎಂಬ ಕ್ರಿಯಾಪದಕ್ಕೆ 'ಒಪ್ಪಿ ನಡೆ' ಅಂತಲೂ ಅರ್ಥ ಹೇಳಬಹುದು, 'ಬಂದು ಸೇರು' ಅಂತಲೂ ಹೇಳಬಹುದು. ಎಲ್ಲ ಸಭೆಗಳೂ ರೋಮ್ ಸಭೆಯ ಮಾತನ್ನು ಒಪ್ಪಲೇಬೇಕೋ, ಅಥವಾ ಎಲ್ಲ ಕಡೆಯ ಭಕ್ತರು ಅಲ್ಲಿಗೆ ಬಂದು ಸೇರುತ್ತಾರೋ? ಒಂದು ಕ್ರಿಯಾಪದದ ಮೇಲೆ ಎಷ್ಟು ದೊಡ್ಡ ಭಾರ ನೋಡಿ.

ಎಡಿನ್‌ಬರೋದ ಅನುವಾದ 'ಒಪ್ಪಬೇಕು' ಎಂಬ ಅರ್ಥವನ್ನೇ ಹಿಡಿಯಿತು. ಅಂದರೆ ರೋಮಿಗೆ ಅನುಕೂಲವಾದ ಅರ್ಥ, ಅದೂ ಪ್ರೊಟೆಸ್ಟೆಂಟರ ಕೈಯಿಂದ! ಆದರೆ ಇದು ಸರಿಯೆಂಬ ಖಾತ್ರಿ ನಮಗಿಲ್ಲ, ಇದಕ್ಕಿಂತ ಉತ್ತಮವಾದದ್ದು ಹೊಳೆಯಲಿಲ್ಲ ಅಂತ ಅವರು ಅಡಿಟಿಪ್ಪಣಿಯಲ್ಲಿ ಪ್ರಾಮಾಣಿಕವಾಗಿ ಹೇಳಿಕೊಂಡರು. 1885ರಲ್ಲಿ ಅಮೆರಿಕದ ಮರುಮುದ್ರಣ ಶುರುವಾದಾಗ ಅದರ ಸಂಪಾದಕ, ಎಪಿಸ್ಕೋಪಲ್ ಬಿಷಪ್ ಕಾಕ್ಸ್, ಅದೇ ಟಿಪ್ಪಣಿಯೊಳಗೆ ಚೌಕ ಕಂಸ ಹಾಕಿ ಅವರನ್ನು ಹಂಗಿಸಿದರು. ಇದಕ್ಕಿಂತ ಒಳ್ಳೆಯದು ಅಂತ ಅವರು ಮುಂದಿಟ್ಟದ್ದು ಯಾರ ಅನುವಾದ ಗೊತ್ತೇ? ಒಬ್ಬ ರೋಮನ್ ಕಥೋಲಿಕರದ್ದು!

ಇಂದು ಈ ಪಠ್ಯದ ಎಷ್ಟೋ ಪ್ರತಿಗಳಲ್ಲಿ ವಾಕ್ಯ ಮಾತ್ರ ಇರುತ್ತದೆ, ಟಿಪ್ಪಣಿ ಇರುವುದಿಲ್ಲ. ಅನುವಾದಕರ ಅನುಮಾನ ಅಳಿಸಿಹೋಗಿ, ಅವರ ಊಹೆಯೇ ಇರೆನೇಯಸರ ವಾಣಿಯಾಗಿ ಕೂತಿದೆ.

ಇನ್ನೊಂದು ತಮಾಷೆ. ಅಲೆಕ್ಸಾಂಡ್ರಿಯಾದ ಕ್ಲೆಮೆಂಟರ 'ಸ್ಟ್ರೊಮಾಟಾ'ದ ಮೂರನೇ ಪುಸ್ತಕ ಮದುವೆ, ದಾಂಪತ್ಯ, ಬ್ರಹ್ಮಚರ್ಯಗಳನ್ನು ಚರ್ಚಿಸುತ್ತದೆ. ವಿಕ್ಟೋರಿಯಾ ಕಾಲದ ಮರ್ಯಾದೆ ಅಡ್ಡ ಬಂತು. ಎಡಿನ್‌ಬರೋದವರು ಆ ಇಡೀ ಪುಸ್ತಕವನ್ನು ಗ್ರೀಕಿನಿಂದ ಲ್ಯಾಟಿನ್ನಿಗೆ ಅನುವಾದಿಸಿ ಕೈತೊಳೆದುಕೊಂಡರು! ಬೇಕೆನ್ನುವವರಿಗೆ 1954ರಲ್ಲಿ ಹೆನ್ರಿ ಚಾಡ್ವಿಕ್ ಸಂಪಾದಿಸಿದ ಇಂಗ್ಲಿಷ್ ಪಾಠವಿದೆ, 1991ರ ಜಾನ್ ಫರ್ಗುಸನ್ ಅನುವಾದವೂ ಇದೆ.

ಅನುವಾದಕ ಕಥೋಲಿಕನಾದರೆ ಸಾಕು ಎನ್ನುವವರು ನ್ಯೂಮನ್ನರನ್ನು ನೋಡಬೇಕು. ಆಂಗ್ಲಿಕನ್ ಆಗಿದ್ದಾಗ, 1840ರ ದಶಕದಲ್ಲಿ, ಅವರು ಅಥನೇಸಿಯಸರ ಕೃತಿಗಳನ್ನು ಮೂಲಕ್ಕೆ ಅಂಟಿಕೊಂಡು ಅನುವಾದಿಸಿದರು. 1845ರಲ್ಲಿ ಕಥೋಲಿಕರಾದರು, 1879ರಲ್ಲಿ ಕಾರ್ಡಿನಲ್ ಆದರು. 1881ರಲ್ಲಿ ಅದೇ ಅನುವಾದವನ್ನು ತಿದ್ದಿ, ಸ್ವತಂತ್ರ ಅನುವಾದ ಎಂದು ಹೇಳಿಯೇ ಪ್ರಕಟಿಸಿದರು. ಓದಲು ಎರಡನೆಯದು ಹಿತ. ಆದರೆ ಒಂದು ಪದದ ಮೇಲೆ ವಾದ ಹೂಡುವವರಿಗೆ ಮೊದಲನೆಯದೇ ಹೆಚ್ಚು ಉಪಯೋಗ.

ಇನ್ನು ಥಾಮಸ್ ಅಕ್ವಿನಾಸರ 'ಸುಮ್ಮಾ'. 1911ರಿಂದ ಬಂದ ಇಂಗ್ಲಿಷ್ ಡೊಮಿನಿಕನ್ನರ ಅನುವಾದವೇ ಎಲ್ಲೆಡೆ ಸಿಗುವಂಥದ್ದು. ಶೀರ್ಷಿಕೆ ಪುಟದಲ್ಲಿ ಇಡೀ ಪ್ರಾಂತದ ಗುರುಗಳ ಹೆಸರಿದ್ದರೂ ಕೆಲಸದ ಬಹುಭಾಗ ಲಾರೆನ್ಸ್ ಶಾಪ್‌ಕೋಟ್ ಎಂಬ ಒಬ್ಬರದ್ದೇ. ಲ್ಯಾಟಿನ್ನಿಗೆ ತೀರಾ ನಿಷ್ಠ, ಆದರೆ ಓದಲು ಗಡಸು. 'ಹ್ಯಾಬಿಟುಸ್' ಅಂದರೆ 'ಹ್ಯಾಬಿಟ್', 'ಆಕ್ಸಿಡೆನ್ಸ್' ಅಂದರೆ 'ಆಕ್ಸಿಡೆಂಟ್'. ಇದನ್ನು ಕಣ್ಣುಮುಚ್ಚಿ ಕನ್ನಡಕ್ಕೆ ತಂದರೆ ಪರಮಪ್ರಸಾದದಲ್ಲಿ ರೊಟ್ಟಿಯ 'ಅಪಘಾತಗಳು' ಉಳಿಯುತ್ತವೆ! ಅಕ್ವಿನಾಸ್ ಹೇಳುತ್ತಿರುವುದು ರೊಟ್ಟಿಯ ಬಣ್ಣ, ರುಚಿ, ಆಕಾರಗಳ ಬಗ್ಗೆ. ನಮ್ಮ ತರ್ಕಶಾಸ್ತ್ರದ ದ್ರವ್ಯ-ಗುಣ ಎಂಬ ಜೋಡಿ ಇದಕ್ಕೆ ಎಷ್ಟೋ ಹತ್ತಿರ. 1964ರಿಂದ 1981ರವರೆಗೆ ಬಂದ ಬ್ಲ್ಯಾಕ್‌ಫ್ರಯರ್ಸ್ ಆವೃತ್ತಿಯಲ್ಲಿ ಒಂದು ಪುಟ ಲ್ಯಾಟಿನ್, ಎದುರು ಪುಟ ಇಂಗ್ಲಿಷ್. ಅಲ್ಲಿ ಆಂಟನಿ ಕೆನ್ನಿ 'ಹ್ಯಾಬಿಟುಸ್' ಅನ್ನು 'ಡಿಸ್ಪೊಸಿಷನ್' ಎಂದರು. ಅರ್ಥ ತಿಳಿಯಾಯಿತು. ಆದರೆ ಸಂಪುಟಕ್ಕೊಬ್ಬ ಅನುವಾದಕರಾದ್ದರಿಂದ ಇಡೀ ಮಾಲೆ ಒಂದೇ ಹದದಲ್ಲಿಲ್ಲ.

ಇನ್ನೊಂದು ಎಚ್ಚರಿಕೆ. ಅಕ್ವಿನಾಸ್ 1273ರ ಡಿಸೆಂಬರಿನಲ್ಲಿ ಬರೆಯುವುದನ್ನೇ ನಿಲ್ಲಿಸಿದರು, 1274ರಲ್ಲಿ ತೀರಿಕೊಂಡರು. ಸುಮ್ಮಾದ ಕೊನೆಗಿರುವ 'ಸಪ್ಲಿಮೆಂಟ್' ಭಾಗವನ್ನು ಅವರ ತಾರುಣ್ಯದ ಬರಹಗಳಿಂದ ಆಯ್ದು ಜೋಡಿಸಿದ್ದು ಶಿಷ್ಯರು. ಅದನ್ನು ಅವರ ಕೊನೆಯ ಮಾತೆಂದು ಎತ್ತಿ ಹೇಳುವ ಹಾಗಿಲ್ಲ.

ಕಥೋಲಿಕ ವಿದ್ವಾಂಸರೇ ಕೈಹಾಕಿದ ದೊಡ್ಡ ಮಾಲೆಗಳೂ ಇವೆ: 1946ರಲ್ಲಿ ಆರಂಭವಾದ 'ಏನ್ಷಿಯೆಂಟ್ ಕ್ರಿಶ್ಚಿಯನ್ ರೈಟರ್ಸ್', 1947ರಲ್ಲಿ ಆರಂಭವಾದ 'ಫಾದರ್ಸ್ ಆಫ್ ದಿ ಚರ್ಚ್'. ಇರೆನೇಯಸರ ಮೂರನೇ ಪುಸ್ತಕ ಮೊದಲನೆಯ ಮಾಲೆಯಲ್ಲಿ 2012ರಲ್ಲಿ ಬಂತು. ಇಂಥ ಪುಸ್ತಕಗಳಲ್ಲಿ ಬಿಷಪ್ಪರ 'ಇಂಪ್ರಿಮಾತುರ್' ಮುದ್ರೆ ಕಂಡರೆ ಅನುವಾದ ನಿಖರವೆಂದು ತಿಳಿಯಬೇಡಿ. ಬೋಧನೆಗೆ ವಿರುದ್ಧವಾದದ್ದು ಇದರಲ್ಲಿಲ್ಲ ಎನ್ನುವುದಷ್ಟೇ ಅದರ ಅರ್ಥ.

ಹಾಗಾದರೆ ನಂಬುವುದು ಯಾರನ್ನು? ನನ್ನ ಅಳತೆಗೋಲು ಇಷ್ಟೇ. ಅನುವಾದಕನ ಹೆಸರು ಮತ್ತು ವರ್ಷ ಇರಬೇಕು. ಯಾವ ಮೂಲಪಾಠದಿಂದ ತಂದದ್ದು ಅಂತ ಹೇಳಿರಬೇಕು. ಮೂಲ ಅಸ್ಪಷ್ಟವಾಗಿರುವಲ್ಲಿ ಹಾಗೆಂದು ಒಪ್ಪಿಕೊಂಡಿರಬೇಕು. ಮುಖ್ಯವಾದ ವಾಕ್ಯ ಸಿಕ್ಕರೆ ಎರಡು ಅನುವಾದಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಅವು ಎಲ್ಲಿ ಬೇರೆಯಾಗುತ್ತವೋ ಅಲ್ಲೇ ಮೂಲದ ಗಂಟು ಇರುತ್ತದೆ. ಕನ್ನಡದಲ್ಲಿ ಬರೆಯುವಾಗ ಸಂತರ ಹೆಸರಿನ ಜೊತೆಗೆ ಅನುವಾದಕರ ಹೆಸರನ್ನೂ ಒಂದು ಸಾಲಿನಲ್ಲಿ ಹೇಳಿಬಿಟ್ಟರೆ ನಮ್ಮ ಓದುಗರಿಗೂ ಆ ಗಂಟು ಬಿಡಿಸಲು ದಾರಿ ಸಿಗುತ್ತದೆ.

ನೀವು ಓದಿ ಮೆಚ್ಚಿದ ಅನುವಾದಗಳಿದ್ದರೆ ತಿಳಿಸಿ. ಅನುವಾದಕರ ಹೆಸರು ಮರೆಯಬೇಡಿ :)