ನಿಯಾನ್‌ನಿಂದ ಬೆಂಗಳೂರಿನವರೆಗೆ: ಮಾರಿಸ್ ಟ್ರಾವರ್ಸ್

ಆವರ್ತ ಕೋಷ್ಟಕದ 18ನೇ ಗುಂಪಿನ ನಿಯಾನ್, ಕ್ರಿಪ್ಟಾನ್ ಮತ್ತು ಕ್ಸೆನಾನ್‌ಗಳನ್ನು ಕಂಡುಹಿಡಿದವರು ಸರ್ ವಿಲಿಯಂ ರ‍್ಯಾಮ್ಸೆ ಎಂದು ನಾವು ಕಲಿಯುತ್ತೇವೆ, ಕಲಿಸುತ್ತೇವೆ. ಆ ಸಂಶೋಧನೆಯಲ್ಲಿ ಅವರಿಗೆ ಹೆಗಲು ಕೊಟ್ಟ ತರುಣ ಭೌತ ರಸಾಯನವಿಜ್ಞಾನಿಯೊಬ್ಬರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾದರು. ಅವರೇ ಮಾರಿಸ್ ವಿಲಿಯಂ ಟ್ರಾವರ್ಸ್.

ಟ್ರಾವರ್ಸ್ ಹುಟ್ಟಿದ್ದು 1872ರ ಜನವರಿ 24ರಂದು, ಲಂಡನ್ನಿನಲ್ಲಿ. ಓದಿದ್ದು ಅಲ್ಲಿನ ಯೂನಿವರ್ಸಿಟಿ ಕಾಲೇಜಿನಲ್ಲಿ. ರ‍್ಯಾಮ್ಸೆ ಆಗ ಅಲ್ಲಿ ಪ್ರಾಧ್ಯಾಪಕರು. 1894ರಲ್ಲಿ ಆರ್ಗಾನ್, 1895ರಲ್ಲಿ ಹೀಲಿಯಂ ದೊರೆತಿದ್ದವು. ಇವೆರಡರ ಪರಮಾಣು ತೂಕ 40 ಮತ್ತು 4. ಹಾಗಾದರೆ ನಡುವಿನ ತೆರಪಿನಲ್ಲಿ ಇನ್ನೊಂದು ಧಾತು ಇರಲೇಬೇಕಲ್ಲವೇ? ಖನಿಜಗಳನ್ನು ಕಾಯಿಸಿ ನೋಡಿದರೂ ಅದು ಸಿಗಲಿಲ್ಲ.

1898ರ ಮೇ ತಿಂಗಳಲ್ಲಿ ಅವರ ಕೈಗೆ ದ್ರವ ವಾಯು ಬಂತು. ಅದನ್ನು ನಿಧಾನವಾಗಿ ಆವಿಯಾಗಲು ಬಿಟ್ಟು, ಕೊನೆಗೆ ಉಳಿದ ಅನಿಲವನ್ನು ರೋಹಿತದರ್ಶಕದಲ್ಲಿ ನೋಡಿದಾಗ ಹೊಸ ಹಳದಿ ಮತ್ತು ಹಸಿರು ರೇಖೆಗಳು ಕಂಡವು. ಅದೇ ಕ್ರಿಪ್ಟಾನ್. ಜೂನ್‌ನಲ್ಲಿ, ಆರ್ಗಾನ್‌ಗಿಂತ ಮೊದಲೇ ಕುದಿದು ಹೊರಬರುವ ಭಾಗದಲ್ಲಿ ಕಡುಗೆಂಪು ಬೆಳಕಿನ ನಿಯಾನ್ ಸಿಕ್ಕಿತು, ಜುಲೈನಲ್ಲಿ ಕ್ಸೆನಾನ್. ಮೂರು ತಿಂಗಳೊಳಗೆ ಮೂರು ಧಾತುಗಳು!

ಆದರೆ ನಿಯಾನ್ ಜೊತೆ ಹೀಲಿಯಂ ಬೆರೆತಿತ್ತು. ದ್ರವ ವಾಯುವಿನ ತಂಪು ಅವನ್ನು ಬೇರ್ಪಡಿಸಲು ಸಾಲದು. ಟ್ರಾವರ್ಸ್ ಹೈಡ್ರೊಜನ್ನನ್ನು ದ್ರವೀಕರಿಸುವ ಯಂತ್ರವನ್ನು ತಾವೇ ಕಟ್ಟಿದರು. ದ್ರವ ಹೈಡ್ರೊಜನ್ನಿನ ಉಷ್ಣತೆ ಮೈನಸ್ 253 ಡಿಗ್ರಿ ಸೆಲ್ಸಿಯಸ್. ಅಲ್ಲಿ ನಿಯಾನ್ ಹೆಪ್ಪುಗಟ್ಟುತ್ತದೆ, ಹೀಲಿಯಂ ಅನಿಲವಾಗಿಯೇ ಉಳಿಯುತ್ತದೆ. ಅದನ್ನು ಹೊರಗೆಳೆದರೆ ಶುದ್ಧ ನಿಯಾನ್ ಉಳಿಯಿತು.

1904ರ ನೊಬೆಲ್ ಪಾರಿತೋಷಕ ರ‍್ಯಾಮ್ಸೆ ಒಬ್ಬರಿಗೇ ಸಂದಿತು. ಟ್ರಾವರ್ಸ್ ಅದೇ ವರ್ಷ ಬ್ರಿಸ್ಟಲ್‌ನಲ್ಲಿ ಪ್ರಾಧ್ಯಾಪಕರಾದರು.

ಜೆ. ಎನ್. ಟಾಟಾ ಅವರ ಕನಸಿನ ಸಂಸ್ಥೆಗೆ ಸ್ಥಳ ನೋಡಲು 1900ರಲ್ಲಿ ಭಾರತಕ್ಕೆ ಬಂದಿದ್ದ ರ‍್ಯಾಮ್ಸೆ, ಬೆಂಗಳೂರನ್ನು ಸೂಚಿಸಿದ್ದರು. 1906ರಲ್ಲಿ ಟ್ರಾವರ್ಸ್ ನಿರ್ದೇಶಕರಾಗಿ ನೇಮಕಗೊಂಡಾಗ ಅವರಿಗೆ 34 ವರ್ಷ. ಆಗ ಪ್ರಯೋಗಾಲಯವಿರಲಿ, ಕಟ್ಟಡವೂ ಇರಲಿಲ್ಲ. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲದಲ್ಲಿ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಿತ್ತು. 1911ರ ಜುಲೈನಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. ರಸಾಯನವಿಜ್ಞಾನ ಮತ್ತು ವಿದ್ಯುತ್ ತಂತ್ರವಿದ್ಯೆಯಿಂದ ಪಾಠ ಆರಂಭವಾಯಿತು.

ಕಟ್ಟಡ ಎದ್ದಿತು, ಮನಸ್ತಾಪವೂ ಬೆಳೆಯಿತು. ಸಂಸ್ಥೆ ಯಾವ ದಾರಿಯಲ್ಲಿ ಸಾಗಬೇಕು, ಆಡಳಿತದಲ್ಲಿ ಯಾರ ಮಾತು ನಡೆಯಬೇಕು ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯಗಳು ಹೆಚ್ಚಿ, 1914ರಲ್ಲಿ ಟ್ರಾವರ್ಸ್ ಹುದ್ದೆ ಬಿಟ್ಟು ಇಂಗ್ಲೆಂಡಿಗೆ ಮರಳಿದರು.

ಅವರು ನೆಟ್ಟ ಗಿಡದ ಫಲ ಬೇಗನೇ ಕಂಡಿತು. ಮೊದಲ ಮಹಾಯುದ್ಧದಿಂದ ನಮ್ಮ ಶ್ರೀಗಂಧ ಜರ್ಮನಿಗೆ ಹೋಗುವುದು ನಿಂತಾಗ, ಇದೇ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಗಂಧದೆಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ರೂಪಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. 1944ರಲ್ಲಿ ಶಿವಮೊಗ್ಗಕ್ಕೂ ಒಂದು ಬಂತು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ನಮಗೆ ಗಂಧದ ಮರ ಗೊತ್ತು. ಅದರ ಎಣ್ಣೆಯ ಹಿಂದಿನ ರಸಾಯನವಿಜ್ಞಾನದ ಈ ಕತೆ ಅಷ್ಟಾಗಿ ಗೊತ್ತಿಲ್ಲ.

ಟ್ರಾವರ್ಸ್ ಯುದ್ಧಕಾಲದಲ್ಲಿ ಗಾಜಿನ ತಯಾರಿಕೆಯಲ್ಲಿ ತೊಡಗಿ, 1927ರಲ್ಲಿ ಬ್ರಿಸ್ಟಲ್‌ಗೆ ಹಿಂತಿರುಗಿದರು. 1956ರಲ್ಲಿ ಅವರು ಬರೆದ ರ‍್ಯಾಮ್ಸೆಯವರ ಜೀವನಚರಿತ್ರೆ ಪ್ರಕಟವಾಯಿತು. 1961ರಲ್ಲಿ ತೀರಿಕೊಂಡರು. ಪಾರಿತೋಷಕ ಪಡೆದ ಗುರುವಿನ ಕತೆಯನ್ನು ಶಿಷ್ಯನೇ ಹೇಳಿದ್ದಾಯಿತು. ಶಿಷ್ಯನ ಕತೆಯನ್ನು ಹೇಳಬೇಕಾದವರು 18ನೇ ಗುಂಪಿನ ಪಾಠ ಮಾಡುವ ನಾವು.